ಉಪ್ಪುನೀರಿಗಿಳಿದ ಕೈ

"ಕೈ ತೆಗೀರಿ ದಾಯೆಂಗ್! ತೆಗೀರಿ ಅಂದ್ನಲ್ಲ!"

ನನ್ನ ಬೆರಳು ಇನ್ನೂ ನೀರನ್ನು ಮುಟ್ಟಿರಲಿಲ್ಲ. ರತ್ನಾಳ ಕೂಗಿಗೆ ಬೆಚ್ಚಿಬಿದ್ದು ಏಣಿಯ ಮೇಲೆ ಓಲಾಡಿದೆ. ಅವಳೇ ಓಡಿಬಂದು ನನ್ನ ಸೊಂಟ ಹಿಡಿದು, ಅಕ್ಕಿ ಮೂಟೆ ಇಳಿಸುವ ಹಾಗೆ ಕೆಳಗಿಳಿಸಿದಳು.

"ಮುತ್ತು ಸಿಕ್ಕಿದ ಜಾಗ ಎಷ್ಟು ಆಳ ಇದೆ ಅಂತ ನೋಡ್ತಿದ್ದೆ ಕಣೇ. ನಿನ್ನ ಮೀನಿಗೆ ಕಚಗುಳಿ ಇಡೋಕಲ್ಲ," ಎಂದೆ.

"ಅದಕ್ಕೆ ಕೋಲಿದೆ. ನಿಮ್ಮ ಹೆಬ್ಬೆರಳಿಗೇನಾಗಿದೆ?"

"ಬೆಳಿಗ್ಗೆ ಮಾವಿನಕಾಯಿ ಹೆಚ್ಚೋವಾಗ ಚಾಕು ತಾಗ್ತು."

"ಹಸಿ ಗಾಯ ಇಟ್ಕೊಂಡು ಈ ನೀರಿಗೆ ಕೈ ಹಾಕೋಕೆ ಹೊರಟಿದ್ರಾ?" ಅವಳು ಹಣೆ ಚಚ್ಚಿಕೊಂಡಳು. "ನನ್ನನ್ನ ಬಿಡಿಸೋಕೆ ಬಂದೋರು ನೀವೇ ತಾನೇ?"

ನಾನೇ. ಊರಿಗೆಲ್ಲ ದಾಯೆಂಗ್, ಅಂದರೆ ದೊಡ್ಡಕ್ಕ; ಬೇಡ ಬೇಡವೆಂದರೂ ಬಂದವಳು. ಪೊಲೀಸ್ ಕೆಲಸದಿಂದ ನಿವೃತ್ತಿಯಾದ ಮೇಲೆ ಕಳ್ಳತನ, ಕೊಲೆ, ಪಂಚನಾಮೆ ಎಲ್ಲಕ್ಕೂ ಕೈಮುಗಿದಿದ್ದೆ. ಆದರೆ ರತ್ನಾಳ ತಾಯಿ ನನ್ನ ಗಲ್ಲಿಯಲ್ಲೇ ಚೊತೊ ಅಂಗಡಿ ಇಟ್ಟಿದ್ದಾಳೆ. ಮಗಳ ಮೇಲೆ ಆಪಾದನೆ ಬಂದ ದಿನದಿಂದ ನನಗೆ ಮಾಂಸದ ಸಾರು ಬಡಿಸುವುದನ್ನೇ ನಿಲ್ಲಿಸಿ, ಎದುರಿಗೆ ಕೂತು ಅಳತೊಡಗಿದಳು. ಮಕಾಸ್ಸರಿನಲ್ಲಿ ಹುಟ್ಟಿದವರು ಚೊತೊ ಇಲ್ಲದೆ ಎಷ್ಟು ದಿನ ಬದುಕಬಹುದು?

ವಿಷಯ ಇಷ್ಟು. ಹಡಗುಗಳ ಒಡೆಯ ಹಾಜಿ ಪಲಲ್ಲೋ ಅವರ ತೀರಿಹೋದ ಹೆಂಡತಿಯ ಮುತ್ತಿನ ಹಾರ ಕಾಣೆಯಾಗಿದೆ ಎಂದು ಹೋದ ವಾರ, ಮಗಳ ಮದುವೆಗೆಂದು ಪೆಟ್ಟಿಗೆ ತೆರೆದಾಗ ತಿಳಿಯಿತು. ಪೊಲೀಸರು ಹುಡುಕಿದಾಗ ಅದರದೇ ಒಂದು ಮುತ್ತು ಅವರ ಮನೆಯ ಈ ಉಪ್ಪುನೀರಿನ ಮೀನಿನ ತೊಟ್ಟಿಯ ಮರಳಿನಲ್ಲಿ ಸಿಕ್ಕಿದೆ. ತೊಟ್ಟಿಯನ್ನು ನೋಡಿಕೊಳ್ಳುವವಳು ರತ್ನಾ. ಹಾಗಾಗಿ ಕಳ್ಳಿ ರತ್ನಾ.

ಈ ಲೆಕ್ಕ ಕಟ್ಟಿದ ಮಹಾಶಯ ಇನ್ಸ್‌ಪೆಕ್ಟರ್ ಯುಸ್ರಾನ್ ಅಷ್ಟು ಹೊತ್ತಿಗೆ ಬಾಯಿತುಂಬ ಬಾಳೆಹಣ್ಣಿನ ಬಜ್ಜಿ ಇಟ್ಟುಕೊಂಡು ಹಜಾರಕ್ಕೆ ಬಂದ. ಒಂದು ಕಾಲಕ್ಕೆ ನನ್ನ ಕೈಕೆಳಗೆ ಪಳಗಿದವನು. ಪಳಗಿದ ಅಂದುಕೊಂಡದ್ದು ನನ್ನ ಭ್ರಮೆ.

"ಮೇಡಂ, ನೀವು ಸುಮ್ನೆ ಕಷ್ಟಪಡ್ತಿದ್ದೀರಿ. ನಾಳೆ ಬೆಳಿಗ್ಗೆ ಇವಳನ್ನ ಠಾಣೆಗೆ ಕರ್ಕೊಂಡು ಹೋಗ್ತೀನಿ. ಇವಳಿಲ್ದಿದ್ರೆ ಮೀನು ಸಾಯುತ್ತವೆ ಅಂತ ಹಾಜಿಯವರು ಮೇಲಿನೋರಿಗೆ ಫೋನ್ ಮಾಡಿದ್ರು, ಅದಕ್ಕೇ ಇಷ್ಟು ದಿನ ತಡೆದೆ. ಈಗ ಬೇರೆ ಆಳು ಸಿಕ್ಕಿದ್ದಾನೆ."

"ಸಾಕ್ಷಿ ಏನಿದೆ ಯುಸ್ರಾನ್?"

ಅವನು ಗೋಡೆಯ ಕಡೆ ಕೈ ತೋರಿಸಿದ. ಅಲ್ಲಿ ಭುಜದವರೆಗೂ ಬರುವ ಎರಡು ಜೊತೆ ರಬ್ಬರ್ ಕೈಗವಸುಗಳು ತಲೆಕೆಳಗಾಗಿ ಒಣಗುತ್ತಿದ್ದವು.

"ಪ್ರಾಮಾಣಿಕವಾಗಿ ಕೆಲಸ ಮಾಡೋರಿಗೆ ಅಷ್ಟುದ್ದ ಗ್ಲೌಸ್ ಯಾಕೆ ಬೇಕು ಮೇಡಂ? ಬೆರಳಚ್ಚು ಬೀಳಬಾರ್ದು ಅಂತ ತಾನೇ?"

"ನೀರಲ್ಲಿ ಯಾರಪ್ಪ ಬೆರಳಚ್ಚು ಹುಡುಕ್ತಾರೆ?"

ಅವನು ಬಜ್ಜಿ ನುಂಗಿ ಯೋಚಿಸಿದ. ಯೋಚನೆ ದೂರ ಹೋಗಲಿಲ್ಲ.

"ಇವರ ಪೊಲೀಸರು ಹೋದ ವಾರ ಬಂದು ಇಡೀ ತೊಟ್ಟಿನ ಬರೀ ಕೈಯಲ್ಲಿ ಕಲಕಿದ್ರು ದಾಯೆಂಗ್," ಎಂದಳು ರತ್ನಾ. ಸಿಟ್ಟಿಗೆ ಏಣಿಯನ್ನು ಗೋಡೆಯ ಕಡೆ ತಳ್ಳಿದಳು. "ನಾನು ಬಡ್ಕೊಂಡೆ. ಒಬ್ಬ ಬಂಡೆಗೆ ಕೈ ಗೀರ್ಕೊಂಡ. ಇನ್ನೊಬ್ಬನಿಗೆ ಮುಳ್ಳುಹುಳ ತಾಗಿ ಬೆರಳು ಊದ್ತು. ಸೋಪು ಕೊಟ್ಟೆ, ಸಿಹಿನೀರಲ್ಲಿ ಚೆನ್ನಾಗಿ ತೊಳ್ಕೊಳ್ರಪ್ಪಾ ಅಂದೆ. ಪ್ಯಾಂಟಿಗೆ ಒರೆಸ್ಕೊಂಡು ಹೋದ್ರು!"

"ಸಮುದ್ರದ ನೀರು ಗಾಯಕ್ಕೆ ಒಳ್ಳೇದು," ಎಂದ ಯುಸ್ರಾನ್. "ನಮ್ಮಜ್ಜಿ ಹೇಳೋಳು."

"ಇದು ಸಮುದ್ರ ಅಲ್ಲ ಸಾರ್. ಬೆಚ್ಚಗಿನ ನೀರು, ಮೀನಿನ ಹೇಲು, ಕೊಳೆತ ಆಹಾರ, ಎಲ್ಲಾ ಒಂದೇ ಗಾಜಿನೊಳಗೆ. ಕಣ್ಣಿಗೆ ಕಾಣದ್ದು ಎಷ್ಟು ಬೆಳೆಯುತ್ತೆ ಗೊತ್ತಾ? ಅದಕ್ಕೇ ಕೈ ಹಾಕೋಕೆ ಮುಂಚೆ ಗ್ಲೌಸಿಗೆ ಗಾಳಿ ಊದಿ ತೂತಿದೆಯಾ ನೋಡ್ತೀನಿ. ಚರ್ಮ ಒಡೆದಿದ್ರೆ ಆ ದಿನ ಇಳಿಯೋದೇ ಇಲ್ಲ."

"ಇಳಿದ್ರೆ ಏನಾಗುತ್ತೆ?" ಎಂದೆ. ಹೆಬ್ಬೆರಳು ಆಗಲೇ ಸೆರಗಿನೊಳಗೆ ಸೇರಿಕೊಂಡಿತ್ತು.

"ಎರಡು ಥರ. ಒಂದು ಬಿರುಗಾಳಿ ಹಾಗೆ ಬರುತ್ತೆ, ಅದರ ಮಾತು ಬೇಡ. ಇನ್ನೊಂದು ನಿಧಾನ. ಗೀರು ಮಾಯ್ದು ಎಲ್ಲಾ ಮರೆತ ಮೇಲೆ, ಎಷ್ಟೋ ವಾರ ಕಳೆದು, ಬೆರಳ ಗಿಣ್ಣಿನ ಮೇಲೆ ಒಂದು ಕೆಂಪು ಗಂಟು. ನೋವೂ ಅಷ್ಟಿರಲ್ಲ. ಆಮೇಲೆ ಅದರ ಮೇಲೊಂದು, ಅದರ ಮೇಲೊಂದು. ಇರುವೆ ಸಾಲಿನ ಹಾಗೆ ತೋಳು ಹತ್ತುತ್ತೆ. ಬೆರಳು ಮಡಚೋಕೇ ಆಗಲ್ಲ."

ಬೆರಳು ಮಡಚಲಾಗದು.

ನನ್ನ ಕಣ್ಣ ಮುಂದೆ ಆ ದಿನದ ಬೆಳಗಿನ ತಿಂಡಿ ಬಂದು ನಿಂತಿತು. ಮದುವೆಮನೆಯಲ್ಲವೇ, ಅಂಟಕ್ಕಿಯ ಸೊಂಕೊಲೊ, ಹುರಿದ ಮೀನು, ಖಾರದ ಚಟ್ನಿ. ಎಲ್ಲರೂ ಕೈಯಲ್ಲಿ ಉಂಡೆ ಕಟ್ಟಿ ತಿನ್ನುತ್ತಿದ್ದರು. ಹಾಜಿಯವರ ತಮ್ಮ ಮಂಕೋನಾ ಒಬ್ಬ ಮಾತ್ರ ಚಮಚ ಹಿಡಿದಿದ್ದ. ಅದೂ ಮುಷ್ಟಿಯಲ್ಲಿ, ಮಗು ಹಿಡಿಯುವ ಹಾಗೆ. ಈ ಸೆಖೆಯಲ್ಲಿ ಮಣಿಕಟ್ಟಿನವರೆಗೂ ಗುಂಡಿ ಹಾಕಿದ ತುಂಬುತೋಳಿನ ಅಂಗಿ. ನಾನು ಸಲಾಮಿಗೆ ಕೈ ಚಾಚಿದಾಗ ತನ್ನ ಎಡಗೈಯನ್ನು ಎದೆಗಿಟ್ಟು ನಕ್ಕಿದ್ದ. ಮದುವೆಮನೆಯ ಗಡಿಬಿಡಿ ಅಂದುಕೊಂಡು ನಾನೂ ಸುಮ್ಮನಾಗಿದ್ದೆ.

"ಮಂಕೋನಾ ಯಾವತ್ತಾದ್ರೂ ಈ ತೊಟ್ಟಿ ಮುಟ್ಟಿದ್ದಾನಾ ರತ್ನಾ?"

"ಅವರಾ? ಮೀನಿನ ವಾಸನೆ ಅಂದ್ರೆ ಮೂಗು ಮುಚ್ಕೊಂಡು ಆ ಕಡೆಯಿಂದ ಹೋಗ್ತಾರೆ."

ಅಂಗಳಕ್ಕೆ ಹೋಗಿ ಲಿಸ್ಬೆತ್ ಡಾಕ್ಟರಿಗೆ ಫೋನ್ ಮಾಡಿದೆ. ಟೊರಾಜಾ ಬೆಟ್ಟದ ಹೆಂಗಸು, ಚರ್ಮರೋಗದಲ್ಲಿ ಊರಿಗೇ ದೊಡ್ಡ ಹೆಸರು, ತಾಳ್ಮೆಯಲ್ಲಿ ನನಗಿಂತ ಬಡವಿ.

"ಮೀನಿನ ತೊಟ್ಟಿ ಗಂಟು," ಎಂದಳು ನಾನು ಹೇಳಿ ಮುಗಿಸುವ ಮೊದಲೇ. "ಮೊನ್ನೆಯೂ ಒಬ್ಬ ಶಾಲೆ ಮೇಷ್ಟ್ರು ಬಂದಿದ್ದ. ಕಂಡಕಂಡ ಮುಲಾಮು ಹಚ್ಕೊಂಡು, ನಾಟಿ ಔಷಧಿ ಕಟ್ಕೊಂಡು, ತೋಳೆಲ್ಲ ಕೆಡಿಸ್ಕೊಂಡ ಮೇಲೆ ಬರ್ತಾರೆ. ಮನೇಲಿ ಮೀನು ಸಾಕಿದ್ದೀರಾ ಅಂತ ನಾನೇ ಕೇಳ್ಬೇಕು, ತಾವಾಗಿ ಬಾಯಿಬಿಡಲ್ಲ. ತಿಂಗಳುಗಟ್ಟಲೆ ಮಾತ್ರೆ ನುಂಗ್ಬೇಕು ಅಂದ್ರೆ ನನ್ನ ಮೇಲೇ ಸಿಟ್ಟು!"

"ಹೋದ ವಾರ ಕೈ ಹಾಕಿದ್ರೆ ಈಗ ಮೊಣಕೈವರೆಗೂ ಗಂಟು ಬರುತ್ತಾ?"

"ಸಾಧ್ಯವೇ ಇಲ್ಲ. ಮೊದಲ್ನೇ ಗಂಟು ಕಾಣೋಕೇ ವಾರಗಟ್ಟಲೆ ಬೇಕು. ಮೊಣಕೈ ಮುಟ್ಟಿದೆ ಅಂದ್ರೆ ಅದು ಹಳೇ ಕಥೆ. ದಾಯೆಂಗ್, ನಿಮಗೇನಾದ್ರೂ ಬಂದಿದೆಯಾ?"

"ನನಗೆ ಬಂದಿರೋದು ತಲೆನೋವು."

"ಅದಕ್ಕೆ ಬೇರೆ ಡಾಕ್ಟರಿದ್ದಾರೆ. ಒಂದು ಮಾತು ಕೇಳಿ. ಆ ಮನೇಲಿ ಸಕ್ಕರೆ ಕಾಯಿಲೆಯೋರು ಯಾರಾದ್ರೂ ಇದ್ರೆ ಆ ನೀರಿನ ಹತ್ರಕ್ಕೂ ಹೋಗ್ಬಾರ್ದು. ಬೇರೊಂದು ರೋಗಾಣು ಇದೆ, ಅದು ವಾರಗಟ್ಟಲೆ ಕಾಯಲ್ಲ. ಸಂಜೆ ಕೈ ಊದಿದ್ರೆ ಬೆಳಗಾಗೋ ಹೊತ್ತಿಗೆ ಕಪ್ಪಾಗಿರುತ್ತೆ. ರಕ್ತಕ್ಕೆ ನಂಜೇರಿದ್ರೆ ನಮ್ಮ ಕೈಲಿ ಏನೂ ಉಳಿಯಲ್ಲ."

ಫೋನ್ ಇಟ್ಟಳು. ನಾನು ಅಂಗಳದಲ್ಲೇ ನಿಂತುಬಿಟ್ಟೆ.

ಹಾಜಿಯವರ ಹೆಂಡತಿ, ರನ್ನು ಎಂಬ ಹೆಸರಿನ ಹಾಜಾ, ತೀರಿಕೊಂಡದ್ದು ಈ ಸಲದ ಈದ್ ಹಬ್ಬ ಕಳೆದ ಕೆಲವೇ ದಿನಗಳಲ್ಲಿ. ಹಬ್ಬದ ದಿನ ಅದೇ ಮುತ್ತಿನ ಹಾರ ಹಾಕಿಕೊಂಡು ಬಂದವರಿಗೆಲ್ಲ ತಾನೇ ಕೈಯಾರೆ ಬಡಿಸಿದ್ದಳು. ಆಮೇಲೆ ಮೀನು ಹೆಚ್ಚುವಾಗ ಮುಳ್ಳು ಚುಚ್ಚಿತಂತೆ, ಕೈ ಕಪ್ಪಾಯಿತಂತೆ, ಆಸ್ಪತ್ರೆಯಿಂದ ಬಂದದ್ದು ಹೆಣವಂತೆ. ಊರೆಲ್ಲ ಹಾಗೆಂದಿತ್ತು. ನಾನೂ ಹೋಗಿ ಅತ್ತು ಬಂದಿದ್ದೆ. ಅವಳ ಮೀನಿನ ಸಾರಿನ ರುಚಿ ಗೊತ್ತಿದ್ದವಳು ನಾನು. ಅಷ್ಟು ವರ್ಷ ಮೀನು ಹೆಚ್ಚಿದ ಕೈಗೆ ಅಂದೇ ಏಕೆ ಮುಳ್ಳು ಚುಚ್ಚಿತು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮಂಕೋನಾ ಸಮುದ್ರದ ಕಡೆಯ ಜಗಲಿಯಲ್ಲಿ ಒಬ್ಬನೇ ಕೂತಿದ್ದ. ಒಳಗೆ ಹೆಂಗಸರು ಮದುಮಗಳ ಬಟ್ಟೆಗೆ ಇಸ್ತ್ರಿ ಹಾಕುತ್ತ ನಗುತ್ತಿದ್ದರು. ಅವನ ತಲೆಯ ಮೇಲಿನ ಗೂಟದಲ್ಲಿ ಕಚಾಪಿಂಗ್ ತೂಗುತ್ತಿತ್ತು. ದೋಣಿಯಾಕಾರದ ಎರಡು ತಂತಿಯ ಆ ವಾದ್ಯವನ್ನು ಮಂಕೋನಾ ನುಡಿಸಿದರೆ ಮೀನುಮಾರುಕಟ್ಟೆಯ ಜಗಳವೂ ನಿಲ್ಲುತ್ತಿತ್ತು. ಈಗ ಅದರ ಮೇಲೆ ಧೂಳು ಕೂತಿತ್ತು.

"ಮದುವೆಗೆ ಬೇರೆ ತಂಡದೋರನ್ನ ಕರೆಸಿದ್ದೀರಂತೆ?" ಎಂದು ಎದುರಿಗೆ ಕೂತೆ.

"ವಯಸ್ಸಾಯ್ತಲ್ಲ ದಾಯೆಂಗ್. ಹುಡುಗ್ರು ನುಡಿಸ್ಲಿ."

"ಎತ್ತಿ ಆಡಿಸಿದ ಅಣ್ಣನ ಮಗಳ ಮದುವೇಲಿ ನುಡಿಸದೋನು ಇನ್ಯಾವ ಮದುವೇಲಿ ನುಡಿಸ್ತೀಯೋ?"

ಅವನು ನಗಲು ನೋಡಿದ. ತುಟಿ ಒಪ್ಪಲಿಲ್ಲ.

"ಬಲಗೈ ಕೊಡು."

"ಯಾಕೆ?"

"ಭವಿಷ್ಯ ಹೇಳ್ತೀನಿ. ಕೊಡು ಅಂದೆ!"

"ಬೆಕ್ಕು ಪರಚಿದೆ ದಾಯೆಂಗ್. ಔಷಧಿ ಹಚ್ಚಿದ್ದೀನಿ."

"ಯಾವ ಬೆಕ್ಕು?"

"ಬೀದಿ ಬೆಕ್ಕು."

ನನ್ನ ತಾಳ್ಮೆ ಅವತ್ತಿಗೆ ಅಲ್ಲಿಗೆ ಮುಗಿಯಿತು. ಎದ್ದು ಅವನ ತೋಳಿನ ಗುಂಡಿಗೆ ನಾನೇ ಕೈ ಹಾಕಿದೆ. ಅವನು ತಡೆಯಲಿಲ್ಲ. ಯಾರಾದರೂ ನೋಡಲಿ ಎಂದು ಎಷ್ಟೋ ದಿನದಿಂದ ಕಾದಿದ್ದವನಂತೆ ಕಣ್ಣು ಮುಚ್ಚಿಕೊಂಡ.

ತೋರುಬೆರಳ ಗಿಣ್ಣು ನೇರಳೆ ಬಣ್ಣಕ್ಕೆ ತಿರುಗಿ ಒಡೆದಿತ್ತು. ಅಲ್ಲಿಂದ ಮುಂಗೈ, ಮಣಿಕಟ್ಟು, ಮೊಣಕೈ ಮಡಿಕೆಯವರೆಗೂ ಗಂಟಿನ ಮೇಲೆ ಗಂಟು. ಮೇಲೆಲ್ಲ ಯಾವುದೋ ಹಸಿರು ಲೇಪ.

"ಅಳತೆಪಟ್ಟಿ ಇಟ್ಕೊಂಡು ಪರಚ್ತೇನೋ ಆ ಬೆಕ್ಕು?"

ಅವನು ಒಳಗಿನ ಬಾಗಿಲ ಕಡೆ ನೋಡಿದ.

"ಮಂಕೋನಾ, ಈ ಗಂಟು ಹೋದ ವಾರದ್ದಲ್ಲ. ಪೊಲೀಸರ ಜೊತೆ ನಾನೂ ಹುಡುಕಿದೆ ಅಂತ ಹೇಳ್ಬೇಡ. ಹಾರ ಕಳೆದಿದೆ ಅಂತ ಈ ಮನೆಗೆ ಗೊತ್ತಾಗೋಕೆ ಎಷ್ಟೋ ಮುಂಚೆ ನಿನ್ನ ಕೈ ಆ ನೀರಲ್ಲಿತ್ತು. ಗ್ಲೌಸ್ ಇಲ್ದೆ. ಬಂಡೆ ಸಂದಿ ತಡವ್ತಾ. ಮೀನಿನ ವಾಸನೆ ಆಗದೋನು ಅಲ್ಲೇನು ಹುಡುಕ್ತಿದ್ದೆ?"

"ನಾನು ಕದ್ದಿಲ್ಲ."

"ಮತ್ತೆ ಈಜೋಕೆ ಇಳಿದಿದ್ಯಾ? ನಾಳೆ ಬೆಳಿಗ್ಗೆ ಆ ಹುಡುಗೀನ ಲಾಕಪ್ಪಿಗೆ ಹಾಕ್ತಾರೆ. ನೀನಿಲ್ಲಿ ತೋಳು ಮುಚ್ಕೊಂಡು ಕಾಫಿ ಕುಡೀತಿದ್ದೀಯ!"

"ಕದ್ದಿಲ್ಲ ದಾಯೆಂಗ್! ಹುಡುಕಿದೆ, ಸಿಗಲಿಲ್ಲ!"

ಒಳಗಿನ ನಗು ಒಂದು ಕ್ಷಣ ನಿಂತಿತು. ಮಂಕೋನಾ ಧ್ವನಿ ತಗ್ಗಿಸಿದ.

"ಹಾರಾನ ಆ ನೀರಲ್ಲಿ ಇಟ್ಟೋರು ಅತ್ತಿಗೆ. ನಾನು ಕಣ್ಣಾರೆ ಕಂಡೆ. ಹಬ್ಬದ ಮಾರನೇ ದಿನ, ಮನೇಲಿ ಯಾರೂ ಇರ್ಲಿಲ್ಲ. ಏಣಿ ಹತ್ತಿ, ಬಳೆ ತೆಗೆದಿಟ್ಟು, ಬರೀ ಕೈಯನ್ನ ಭುಜದವರೆಗೂ ಇಳಿಸಿ ಹಿಂದಿನ ಬಂಡೆ ಪೊಟರೆಗೆ ಹಾರ ಇಟ್ರು. ಏನತ್ತಿಗೆ ಇದು, ಮುತ್ತಿಗೂ ಮೀನಿಗೂ ಮದುವೆನಾ ಅಂತ ತಮಾಷೆ ಮಾಡ್ದೆ. ಅವರೂ ನಕ್ರು. ಮುತ್ತು ಮಂಕಾಗಿದೆ ಕಣೋ, ಉಪ್ಪುನೀರಲ್ಲಿ ಇಟ್ರೆ ಹುಟ್ಟಿದ ದಿನದ ಹೊಳಪು ಬರುತ್ತಂತೆ, ಮಗಳಿಗೆ ಹೊಸದರ ಹಾಗೆ ಕೊಡ್ತೀನಿ ಅಂದ್ರು. ಕೈ ಹೊರಗೆ ತೆಗೆಯೋವಾಗ ಬಂಡೆ ಗೀರಿ ಸ್ವಲ್ಪ ರಕ್ತ ಬಂತು. ಸೆರಗಿಂದ ಒರೆಸ್ಕೊಂಡ್ರು."

"ಆಮೇಲೆ ಕೈ ಊದ್ತು."

"ಆಮೇಲೆ ಊದ್ತು. ಆಸ್ಪತ್ರೇಲಿ ಮೀನು ಹೆಚ್ಚಿದ್ರಾ ಅಂತ ಕೇಳಿದ್ರಂತೆ, ಅಣ್ಣ ಹೂಂ ಅಂದನಂತೆ. ಮಣ್ಣು ಮಾಡಿ ಬಂದ ಮೇಲೆ ನನಗೆ ಹಾರ ನೆನಪಾಯ್ತು. ತೆಗೆದು ಹುಡುಗಿ ಕೈಗೆ ಕೊಡೋಣ, ತಾಯಿ ಇಟ್ಟಿದ್ದು ಅಂತ ಹೇಳೋಣ ಅಂತ ಕೈ ಹಾಕ್ದೆ. ಪೊಟರೆ ಖಾಲಿ. ಎಷ್ಟು ತಡವಿದ್ರೂ ಖಾಲಿ."

"ಇಷ್ಟು ದಿನ ಬಾಯಿಗೇನು ಬೀಗ ಹಾಕಿತ್ತಾ?"

"ಯಾರ ಹತ್ರ ಹೇಳ್ಲಿ? ನೀನೇ ಎತ್ಕೊಂಡೆ ಅಂತಾರೆ. ಈಗ ನೀವು ಅಂದ್ರಲ್ಲ, ಹಾಗೇ."

ಅವನ ತೋಳನ್ನು ಮೆಲ್ಲಗೆ ಕೆಳಗಿಳಿಸಿದೆ.

"ಈ ಹಸಿರು ಹಾಳುಮೂಳನ್ನ ಇವತ್ತೇ ತೊಳೀಬೇಕು. ಲಿಸ್ಬೆತ್ ಡಾಕ್ಟರ್ ಹತ್ರ ಹೋಗು, ಉಪ್ಪುನೀರಿನ ತೊಟ್ಟಿಗೆ ಕೈ ಹಾಕಿದ್ದೆ ಅಂತ ಮೊದಲು ಹೇಳು. ಬೈತಾಳೆ, ಬೈಸ್ಕೋ. ಬೆರಳು ಉಳಿಬಹುದು. ಈಗ ಕೊನೇ ಪ್ರಶ್ನೆ. ನೀರಲ್ಲಿಟ್ರೆ ಮುತ್ತು ಹೊಳೆಯುತ್ತೆ ಅಂತ ನಿಮ್ಮತ್ತಿಗೆಗೆ ಯಾರು ಹೇಳಿದ್ದು?"

ಮಂಕೋನಾ ನನ್ನನ್ನು ಮರುಕದಿಂದ ನೋಡಿದ.

"ಅದಕ್ಕೇ ನಾನು ಬಾಯಿ ಬಿಡ್ಲಿಲ್ಲ ದಾಯೆಂಗ್. ಆ ಹುಡುಗಿ ತಾಯಿ ನಿಮ್ಮ ಗಲ್ಲಿಯೋಳು ಅಂತ ಗೊತ್ತು. ಹೇಳಿದ್ದು ರತ್ನಾ. ಅತ್ತಿಗೆ ಬಾಯಿಂದಲೇ ಕೇಳಿದ್ದು."

"ಸುಳ್ಳು."

"ಇರ್ಬಹುದು. ಆದ್ರೆ ಅತ್ತಿಗೆಗೆ ಸಕ್ಕರೆ ಕಾಯಿಲೆ ಇದ್ದದ್ದು ಸುಳ್ಳಲ್ಲ. ದಿನಾ ಬೆಳಿಗ್ಗೆ ಇನ್ಸುಲಿನ್ ಚುಚ್ಚುತಿದ್ದೋಳು ಯಾರು ಅಂತ ಮನೆಯೋರನ್ನೆಲ್ಲ ಕೇಳಿ."

ಜಗಲಿಯಿಂದ ಹಜಾರಕ್ಕೆ ಹತ್ತು ಹೆಜ್ಜೆಯೂ ಇರಲಾರದು. ನನಗೆ ಅದು ಬಂದರಿನ ಈ ತುದಿಯಿಂದ ಆ ತುದಿಯಷ್ಟಾಯಿತು. ಮೈಯೆಲ್ಲ ಉರಿಯುತ್ತಿತ್ತು. ಅವಳ ಮೇಲೆ, ಅವಳ ತಾಯಿಯ ಮೇಲೆ, ಒಂದು ಬಟ್ಟಲು ಸಾರಿನ ಆಸೆಗೆ ಈ ಮನೆಯ ಮೆಟ್ಟಿಲು ಹತ್ತಿದ ನನ್ನ ಮೇಲೆ. ಪೊಟರೆಗೆ ಕೈಹಾಕಿ ಹಾರ ತೆಗೆದೂ ತೋಳಿನ ಮೇಲೆ ಒಂದು ಗುರುತೂ ಇಲ್ಲದೆ ಇರಬಲ್ಲವರು ಈ ಮನೆಯಲ್ಲಿ ಎಷ್ಟು ಜನ? ಇಷ್ಟು ಹೊತ್ತು ಯಾವ ಕೈ ಶುಭ್ರವಾಗಿದೆ ಎಂದು ನಾನು ಸಮಾಧಾನಪಟ್ಟಿದ್ದೆನೋ, ಈಗ ಅದೇ ಕೈ ನನ್ನನ್ನು ಹೆದರಿಸತೊಡಗಿತು.

ರತ್ನಾ ನಲ್ಲಿಯ ಕೆಳಗೆ ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಳ್ಳುತ್ತಿದ್ದಳು. ಯುಸ್ರಾನ್ ಮೂಲೆಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದ.

"ಹೊಳಪಿನ ವಿಷಯ ಹಾಜಾಗೆ ಹೇಳಿದ್ದು ನೀನಾ?"

ಅವಳ ಕೈ ನಿಂತಿತು. ನಲ್ಲಿಯಿಂದ ನೀರು ಸುರಿಯುತ್ತಲೇ ಇತ್ತು.

"ಬಂದೋರಿಗೆಲ್ಲ ಕೈ ತೆಗೀರಿ ಅಂತ ಕಿರುಚ್ತೀಯಲ್ಲ," ಎಂದು ಹತ್ತಿರ ಹೋದೆ. "ಕಾಯಿಲೆಯೋಳನ್ನ, ದಿನಾ ನೀನೇ ಸೂಜಿ ಚುಚ್ಚುತ್ತಿದ್ದ ಹೆಂಗಸನ್ನ, ಆ ಏಣಿ ಹತ್ತೋ ಹಾಗೆ ಮಾಡಿದ್ದು ನೀನೇನಾ? ಹೌದು ಅನ್ನು, ಇಲ್ಲ ಅನ್ನು. ಇವತ್ತು ನನಗೆ ಬೇರೆ ಮಾತು ಬೇಡ."

ರತ್ನಾ ನಲ್ಲಿ ನಿಲ್ಲಿಸಿದಳು. ತಿರುಗಿದಾಗ ಅವಳ ಕಣ್ಣು ತುಂಬಿತ್ತು, ಆದರೆ ಮಾತು ಗಟ್ಟಿಯಾಗಿತ್ತು.

"ಹೌದು. ನಾನೇ ಹೇಳ್ದೆ. ನನ್ನ ಹೊಸ ಜೊತೆ ಗ್ಲೌಸು ಅವರ ಕೈಗೇ ಕೊಟ್ಟು, ಇದು ಹಾಕ್ಕೊಂಡೇ ಇಡಿ ಅಂತ ಹೇಳ್ದೆ. ಏಣಿ ಹತ್ತೋಕೆ ಮುಂಚೆ ಅವರ ಹತ್ರದಿಂದ ಆ ಗ್ಲೌಸ್ ತಗೊಂಡೋರು ಯಾರು ಅಂತ ನನಗೆ ಗೊತ್ತು. ಮುತ್ತಿನ ವಿಷಯ ಹಾಜಾಗೆ ಹೇಳು ಅಂತ ನನಗೆ ಹೇಳ್ಕೊಟ್ಟೋರೂ ಅವರೇ."

"ಯಾರು?"

ಅವಳ ನೋಟ ನನ್ನ ಹೆಗಲು ದಾಟಿ ಮೆಟ್ಟಿಲಿನ ಕಡೆಗೆ ಹೋಗಿ ಅಲ್ಲೇ ನಿಂತಿತು.

ನಾನು ತಿರುಗಿದೆ. ಹೆಂಡತಿ ಮೀನು ಹೆಚ್ಚಿದಳೆಂದು ಆಸ್ಪತ್ರೆಯಲ್ಲಿ ಹೂಂಗುಟ್ಟಿದ್ದ ಹಾಜಿ ಪಲಲ್ಲೋ ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದರು. ಅವರ ಪಕ್ಕದಲ್ಲಿ, ಅವರ ತೋಳು ಹಿಡಿದು ನಿಂತಿದ್ದ ಮದುಮಗಳು ರತ್ನಾಳನ್ನೇ ದಿಟ್ಟಿಸುತ್ತಿದ್ದಳು. ಇಬ್ಬರಲ್ಲಿ ರತ್ನಾ ನೋಡುತ್ತಿದ್ದದ್ದು ಯಾರನ್ನು ಎಂದು ನನಗೆ ತಿಳಿಯುವ ಮೊದಲೇ ಹಾಜಿಯವರು ಮಗಳನ್ನು ತಮ್ಮ ಬೆನ್ನ ಹಿಂದಕ್ಕೆ ಸರಿಸಿ ಯುಸ್ರಾನನನ್ನು ಕೂಗಿದರು.

"ಇನ್ಸ್‌ಪೆಕ್ಟರ್, ಏಳಿ. ನಾಳೆವರೆಗೂ ಕಾಯೋದು ಬೇಡ. ಈ ಹುಡುಗೀನ ಈಗಲೇ ಕರ್ಕೊಂಡು ಹೋಗಿ."